ಉಬ್ಬರದ ವೇಳಾಪಟ್ಟಿ

ಆ ಕಾಲದಲ್ಲಿ ನಮ್ಮ ಮನೆಯವರು ದೂರದ ಊರಿಗೆ ಹೊರಡುವುದಿದ್ದರೆ ಅಟ್ಟದಿಂದ ಮೊದಲು ಇಳಿಯುತ್ತಿದ್ದುದು ಟ್ರಂಕಲ್ಲ, ಕಾಗದದ ಕಟ್ಟು. ಅಪ್ಪ ಮದರಾಸು ಬಂದರಿನ ಪಕ್ಕದ ಒಂದು ಹಡಗು ಕಂಪನಿಯಲ್ಲಿ ಹೆಡ್ ಕ್ಲಾರ್ಕು. ರದ್ದಾದ ಫಾರಂಗಳನ್ನು ಕಚೇರಿಯಿಂದ ತಂದಿಡುತ್ತಿದ್ದರು. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಯ ಮೇಲೆ ರೂಲರ್ ಇಟ್ಟು ನಾಲ್ಕು ಕಲಂ ಎಳೆದರೆಂದರೆ ಪ್ರಯಾಣ ಶುರುವಾಯಿತೆಂದು ಅರ್ಥ. ಊರು, ಮೈಲಿ, ತಲುಪುವ ಹೊತ್ತು, ಹೊರಡುವ ಹೊತ್ತು. ನಿಮ್ಮಲ್ಲೂ ಹಲವರ ಮನೆಯಲ್ಲಿ ಇಂಥ ಒಬ್ಬ ಅಪ್ಪ ಇದ್ದಿರಬಹುದು. ರೈಲು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮನೆಮಂದಿಯನ್ನೆಲ್ಲ ಪ್ಲಾಟ್‌ಫಾರ್ಮಿಗೆ ತಂದು ಹೋಲ್ಡಾಲಿನ ಮೇಲೆ ಕೂರಿಸಿ, ಗಡಿಯಾರ ನೋಡಿ ತೃಪ್ತಿಪಡುತ್ತಿದ್ದವರು.

ನಾನು ಅವರ ಮಗಳೇ. ಬೆಳಿಗ್ಗೆ ಐದು ಹತ್ತಕ್ಕೆ ಏಳುತ್ತೇನೆ. ಐದೂವರೆಗೆ ಡಿಕಾಕ್ಷನ್ ಇಳಿದಿರುತ್ತದೆ. ಮದರಾಸಿನ ಗಿಂಡಿ ಬಡಾವಣೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಮೂವತ್ಮೂರು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದು ದಿನವೂ ಕೆಂಪು ಶಾಯಿ ಬೀಳಲಿಲ್ಲ. ಹೀಗಿದ್ದವಳಿಗೆ ಈ ಬೇಸಿಗೆಯಲ್ಲಿ ಮಗ ಒಂದು ಪ್ರವಾಸದ ಆಸೆ ತೋರಿಸಿದ. ಚೆನ್ನೈಯಿಂದ ಕಾರಿನಲ್ಲಿ ಪಡುವಣ ಕರಾವಳಿಗೆ. ಅದಕ್ಕೊಂದು ವಾಟ್ಸಾಪ್ ಗುಂಪು ಮಾಡಿದ. ಐದು ವಾರ ಅದರಲ್ಲಿ ಹೋಟೆಲಿನ ಈಜುಕೊಳಗಳ ಚಿತ್ರ ಬಂದವು, ಹೊರಡುವ ಗಂಟೆ ಮಾತ್ರ ಬರಲಿಲ್ಲ. ನಾನು ಕೇಳಿದಾಗಲೆಲ್ಲ ‘ಮಾರ್ನಿಂಗ್’ ಎಂದು ಉತ್ತರ. ಮಾರ್ನಿಂಗ್ ಎಂಬುದು ಗಂಟೆಯೇ? ಆ ಸಿಟ್ಟಿನಲ್ಲೇ ನನಗೆ ನಾನು ಹನ್ನೊಂದು ವರ್ಷದವಳಾಗಿದ್ದ ಬೇಸಿಗೆ ಮತ್ತೆ ಮತ್ತೆ ನೆನಪಾಯಿತು. ಆಗಲೂ ಹೋಗಬೇಕಾಗಿದ್ದುದು ಅದೇ ಕರಾವಳಿಗೆ. ಆಗ ಗಂಟೆ ಇತ್ತು, ನಿಮಿಷವೂ ಇತ್ತು.

ನಮ್ಮದು ಪುರಸೈವಾಕ್ಕಂ. ಬಟ್ಟೆಯಂಗಡಿಗಳ ಸಾಲಿನ ಹಿಂದಿನ ಓಣಿಯಲ್ಲಿ ಉದ್ದಕ್ಕೆ ರೈಲುಡಬ್ಬಿಯಂತಿದ್ದ ಮನೆ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನನ್ನ ಅಜ್ಜಿ, ನಾನು. ಅಜ್ಜಿ ಕುಂದಾಪುರಕ್ಕೂ ಆಚೆ, ಒಂದು ಹೊಳೆ ಕಡಲು ಸೇರುವ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಮದುವೆಯಾಗಿ ಮದರಾಸಿಗೆ ಬಂದು ನಲವತ್ತೈದು ವರ್ಷವಾಗಿತ್ತು. ತರಕಾರಿಯವನ ಹತ್ತಿರ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದಳು, ದೇವರ ಹತ್ತಿರ ಮತ್ತು ನಮ್ಮ ಹತ್ತಿರ ಮಾತ್ರ ತನ್ನ ಊರಿನ ಕನ್ನಡ. ಅವಳಿಗಿಂತ ಆರು ವರ್ಷ ದೊಡ್ಡ ಅಕ್ಕ ಹೊಳೆಯ ಆಚೆ ದಡದಲ್ಲೇ ಇದ್ದಳು. ಅವಳನ್ನು ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ನಾನು ನೋಡಿರಲಿಲ್ಲ. ಅಜ್ಜಿಯೂ ನೋಡಿ ಹದಿನೆಂಟು ವರ್ಷವಾಗಿತ್ತು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ದೊಡ್ಡಜ್ಜಿಯ ಕಡೆಯಿಂದ ಕಾರ್ಡು ಬಂತು. ಕಣ್ಣು ಮಂಜಾಗಿದೆ, ಕಾಲು ಊದಿಕೊಂಡಿದೆ, ಈ ಮಳೆಗಾಲ ದಾಟುವ ಭರವಸೆ ಇಲ್ಲ, ತಂಗಿಯನ್ನು ಒಂದು ಸಲ ಕಳಿಸಿಕೊಡಿ ಎಂದು ಯಾರಿಂದಲೋ ಬರೆಸಿದ್ದಳು. ಅಪ್ಪ ಕಾರ್ಡನ್ನು ಎರಡು ಸಲ ಓದಿ, ಎದ್ದು ಅಟ್ಟಕ್ಕೆ ಏಣಿ ಹಾಕಿದರು. ಕಾಗದದ ಕಟ್ಟು ಇಳಿಯಿತು.

ರೈಲಿನಲ್ಲಿ ಹೋಗಿ ಅಲ್ಲಿಂದ ನಾಲ್ಕು ಬಸ್ಸು ಬದಲಿಸುವುದು ಅಜ್ಜಿಯ ಮಂಡಿಗೆ ಆಗದ ಮಾತು. ಪಲ್ಲಾವರದಲ್ಲಿದ್ದ ರಾಘು ಚಿಕ್ಕಪ್ಪನ ಹತ್ತಿರ ಒಂದು ಹಳೆಯ ಕಾರಿತ್ತು. ಅಪ್ಪನ ಒಬ್ಬನೇ ತಮ್ಮ. ಅಪ್ಪ ಎಷ್ಟು ಬಿಗಿಯೋ ಅವನು ಅಷ್ಟು ಸಡಿಲ. ತಾನೇ ಓಡಿಸುತ್ತೇನೆಂದು ಒಪ್ಪಿಕೊಂಡ, ಒಪ್ಪಿಕೊಂಡ ಉತ್ಸಾಹದಲ್ಲಿ ಪಲ್ಲಾವರದ ಶುಕ್ರವಾರದ ಸಂತೆಗೆ ಹೋಗಿ ಒಂದು ಹಳೆಯ ಜಾಕು, ಎರಡು ನೀರಿನ ಕ್ಯಾನು, ಯಾರದೋ ಮಿಲಿಟರಿ ಟಾರ್ಚು ಕೊಂಡು ತಂದ. ಟಾರ್ಚು ಹತ್ತುತ್ತಿರಲಿಲ್ಲ.

ಇನ್ನು ಉಳಿದದ್ದು ಹೊಳೆ. ಆಗ ಅಲ್ಲಿ ಸೇತುವೆ ಇಲ್ಲ. ಜಂಗಲ್ ಮೇಲೆ ದಾಟಬೇಕು: ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿರುತ್ತಾರೆ, ಕಾರು ಹಲಗೆ ಏರಿ ನಿಲ್ಲುತ್ತದೆ, ಜನರೂ ನಿಲ್ಲುತ್ತಾರೆ. ಬಳಸಿ ಹೋಗಲು ಘಟ್ಟ ಹತ್ತಿ ಇಳಿಯಬೇಕು, ಎರಡು ದಿನ ಹೆಚ್ಚು. ಮಳೆ ಹಿಡಿದರೆ ಜಂಗಲ್ ಎಳೆದು ಕಟ್ಟುತ್ತಾರೆ, ಮತ್ತೆ ಇಳಿಯುವುದು ಮಳೆ ಮುಗಿದ ಮೇಲೆ. ಹಾಗಾಗಿ ಮೇ ಮುಗಿಯುವುದರೊಳಗೆ ದಾಟಲೇಬೇಕು. ಕಾರು ನೀರಿನ ಮೇಲೆ ಹೋಗುತ್ತದೆ ಎಂಬುದನ್ನು ಕೇಳಿದ ದಿನದಿಂದ ನನಗೆ ಬೇರೆ ಆಟವೇ ಬೇಡವಾಯಿತು. ಓಣಿಯ ಹುಡುಗಿಯರು ಪಾಂಡಿ, ಅಂದರೆ ಕುಂಟೆಬಿಲ್ಲೆ, ಆಡಲು ಕರೆದರೂ ಹೋಗುತ್ತಿರಲಿಲ್ಲ. ಊಟದ ಮಣೆಯ ಮೇಲೆ ಬೆಂಕಿಪೊಟ್ಟಣ ಇಟ್ಟು, ಹಿತ್ತಿಲಿನ ನೀರಿನ ತೊಟ್ಟಿಯಲ್ಲಿ ಅದನ್ನು ತೇಲಿಸಿ, ಆ ಕಡೆಯಿಂದ ಈ ಕಡೆಗೆ ಊದುತ್ತಿದ್ದೆ.

ಜಂಗಲ್ ಎಷ್ಟು ಗಂಟೆಗೆ ಹೊರಡುತ್ತದೆಂದು ಅಪ್ಪ ಪತ್ರ ಬರೆದು ಕೇಳಿದರು. ಹನ್ನೆರಡು ದಿನದ ಮೇಲೆ ಉತ್ತರ ಬಂತು: ನೀರು ಇದ್ದಾಗ ಬಿಡುತ್ತಾರೆ, ಇಲ್ಲದಾಗ ಇಲ್ಲ.

ಅಪ್ಪ ಆ ಕಾರ್ಡನ್ನು ಹಿಡಿದುಕೊಂಡು ಕೂತ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಆಫೀಸಿನಲ್ಲಿ ಇಂಥ ಉತ್ತರ ಬರೆದ ಗುಮಾಸ್ತನಿಗೆ ಮೆಮೊ ಕೊಡುತ್ತಿದ್ದರು. ಮಾರನೆಯ ಸಂಜೆ ಅವರು ಕಚೇರಿಯಿಂದ ಒಂದು ತೆಳು ಪುಸ್ತಕ ತಂದರು. ವರ್ಷದ ಪ್ರತಿ ದಿನವೂ ಕಡಲಿನ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕಿದ್ದರು. ಬಂದರಿಗೆ ಹಡಗು ತರುವವರು ನೋಡುವ ಪುಸ್ತಕ. ಅಪ್ಪ ಅದನ್ನು ದೇವರ ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದಿದ್ದರು. ಹೊಳೆ ಸೇರುವುದು ಕಡಲಿಗೆ, ಕಡಲು ಏರಿದರೆ ಹೊಳೆ ತುಂಬುತ್ತದೆ, ಹೊಳೆ ತುಂಬಿದರೆ ಜಂಗಲ್ ಹೊರಡುತ್ತದೆ. ಅವರ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ.

ಅಜ್ಜಿ ಒಳಗಿನಿಂದ ಮಾವಡುವಿಗೆ ಉಪ್ಪು ಬೆರೆಸುತ್ತ ಬಂದಳು. ಕೈಯೆಲ್ಲ ಎಳೆ ಮಾವಿನ ಸೊನೆಯ ವಾಸನೆ.

“ಎಂತದು ಮಾರಾಯ ಅದು?”

“ಉಬ್ಬರ ಇಳಿತದ ಟೇಬಲ್ ಅಮ್ಮಾ. ಗವರ್ನಮೆಂಟ್ ಪ್ರಿಂಟ್ ಮಾಡಿದ್ದು.”

“ಅದಕ್ಕೆ ಪುಸ್ತಕ ಎಂತಕ್ಕೆ? ಅಮಾಸೆ, ಹುಣ್ಣಿಮೆಗೆ ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ತುಂಬು ನೀರು. ಅಲ್ಲಿಂದ ತಿಥಿಗೆ ಎರಡೆರಡು ಗಳಿಗೆ ಹಿಂದೆ ಬೀಳ್ತದೆ. ಪಂಚಾಂಗ ಗೋಡೆ ಮೇಲೇ ಉಂಟಲ್ಲ.”

ಅಪ್ಪ ನಕ್ಕರು. ಪಂಚಾಂಗ ದಿನ ನೋಡುವುದಕ್ಕೆ, ನೀರಿಗೆ ಪುಸ್ತಕ ಎಂದರು. ಅಜ್ಜಿ ಹೋಗುವಾಗ ಉಪ್ಪಿನ ಕೈಯ ಹಿಂಬದಿಯಿಂದ ನನ್ನ ತಲೆ ಒತ್ತಿ, ಹೊಳೆಯನ್ನು ತಾನು ನೋಡಿದ್ದೇನೆ, ಪುಸ್ತಕ ನೋಡಿಲ್ಲ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು.

ವೇಳಾಪಟ್ಟಿ ದಾಟುವ ಗಂಟೆಯಿಂದ ಹಿಂದಕ್ಕೆ ಬೆಳೆಯುತ್ತಾ ಬಂತು. ಇಷ್ಟು ಗಂಟೆಗೆ ಹೊಳೆಯ ದಡ, ಅದಕ್ಕೆ ಇಷ್ಟು ಗಂಟೆಗೆ ಉಡುಪಿ ಬಿಡಬೇಕು, ಅದಕ್ಕೆ ಇಂಥ ದಿನ ಬೆಂಗಳೂರು ಬಿಡಬೇಕು, ಅದಕ್ಕೆ ಶುಕ್ರವಾರ ಬೆಳಗಿನ ನಾಲ್ಕು ನಲವತ್ತಕ್ಕೆ ಪುರಸೈವಾಕ್ಕಂ. ಉಡುಪಿಯಲ್ಲಿ ಒಂದು ದಿನ ಕೃಷ್ಣದರ್ಶನ, ಸೋಮವಾರ ಹೊಳೆ. ಕರಡು ಅಪ್ಪನದು, ಶುದ್ಧಪ್ರತಿ ನನ್ನದು. ನನ್ನ ಅಕ್ಷರ ದುಂಡಗಿತ್ತು. ಶುದ್ಧಪ್ರತಿಗೆ ಅಪ್ಪನ ಎರಡು ಕಟ್ಟಳೆ. ಕೊಟ್ಟದ್ದನ್ನು ಕೊಟ್ಟಂತೆ ಬರೆಯಬೇಕು, ಒಂದು ಅಕ್ಷರವನ್ನೂ ಹೊಡೆದು ಬರೆಯಬಾರದು. ಹೊಡೆದರೆ ಹಾಳೆ ಹರಿದು ಮತ್ತೆ ಮೊದಲಿನಿಂದ. ಮೂರು ಪ್ರತಿ: ಒಂದು ಅಪ್ಪನ ಜೇಬಿಗೆ, ಒಂದು ಚಿಕ್ಕಪ್ಪನಿಗೆ, ಒಂದು ಅಂಚೆಯಲ್ಲಿ ದೊಡ್ಡಜ್ಜಿಗೆ.

ಚಿಕ್ಕಪ್ಪನ ರಜೆಯಿಂದಾಗಿ ಶುಕ್ರವಾರವೇ ಹೊರಡಬೇಕಿತ್ತು, ಶುಕ್ರವಾರ ಪಡುವಣಕ್ಕೆ ವಾರಶೂಲೆ. ಆ ದಿನ ಆ ದಿಕ್ಕಿಗೆ ಹೊಸ್ತಿಲು ದಾಟಬಾರದು. ಅದಕ್ಕೆ ನಮ್ಮವರ ಪರಿಹಾರ ಪ್ರಸ್ಥಾನ. ಗುರುವಾರವೇ ಒಳ್ಳೆಯ ಗಳಿಗೆ ನೋಡಿ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಉಡುವ ಒಂದು ಬಟ್ಟೆ ಸೇರಿಸಿ ಗಂಟು ಕಟ್ಟಿ ಬೇರೊಬ್ಬರ ಮನೆಯಲ್ಲಿಟ್ಟರೆ ನಾವು ಆಗಲೇ ಹೊರಟಂತೆ. ಮಾರನೆಯ ದಿನ ಹೋಗುತ್ತಾ ಗಂಟನ್ನು ಎತ್ತಿಕೊಳ್ಳುವುದು. ಹೊರಗಿಟ್ಟ ಗಂಟು ಪ್ರಯಾಣ ಮಾಡದೆ ಮನೆಯೊಳಗೆ ಹಿಂದಿರುಗಬಾರದು. ಅಜ್ಜಿ ಗಂಟಿಗೆ ಹಾಕಿದ ಬಟ್ಟೆ ಅಕ್ಕನಿಗೆಂದು ನಮ್ಮ ಬೀದಿಯಲ್ಲೇ ಹತ್ತು ಅಂಗಡಿ ಹತ್ತಿ ಇಳಿದು ಕೊಂಡಿದ್ದ ಬದನೆ ಬಣ್ಣದ ಸುಂಗಡಿ ಸೀರೆ. ಗಂಟು ಎದುರುಮನೆಯ ಅಲಮೇಲು ಮಾಮಿಯ ಬೀರುವಿಗೆ ಹೋಯಿತು.

ಗುರುವಾರ ಸಂಜೆ ಆರಕ್ಕೆ ಚಿಕ್ಕಪ್ಪ ಬಂದ. ಕಾರಿನಲ್ಲಲ್ಲ, ಬಸ್ಸಿನಲ್ಲಿ. ಅವನ ಆಫೀಸಿನ ಯಾರದೋ ಮದುವೆಗೆ ಕಾರು ಕೊಡುತ್ತೇನೆಂದು ಮಾತು ಕೊಟ್ಟು ಮರೆತಿದ್ದನಂತೆ. ಮುಂದಿನ ಶುಕ್ರವಾರ ಖಂಡಿತ ಎಂದ. ಅಪ್ಪ ಹೊಸ ಹಾಳೆಗೆ ಕಲಂ ಎಳೆದರು. ಅಮ್ಮ ಪ್ರಯಾಣಕ್ಕೆಂದು ಮಾಡಿದ್ದ ಗೊಜ್ಜವಲಕ್ಕಿ, ಚಕ್ಕುಲಿ, ಬೆಲ್ಲದ ಹುರಿಹಿಟ್ಟನ್ನು ನಾವು ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ, ಎಲ್ಲಿಗೂ ಹೋಗದೆ, ನಮ್ಮದೇ ಹಜಾರದಲ್ಲಿ ಕೂತು ಮೂರು ದಿನ ತಿಂದೆವು. ಪ್ರಯಾಣದ ತಿಂಡಿ ಮನೆಯಲ್ಲಿ ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಇದು ನಾನು ಆ ಬೇಸಿಗೆಯಲ್ಲಿ ಕಲಿತ ಪಾಠ.

ಎರಡನೆಯ ಶುಕ್ರವಾರ ನಾವು ನಾಲ್ಕೂವರೆಗೆ ಸ್ನಾನ ಮುಗಿಸಿ, ತಲೆ ಬಾಚಿ, ಹೊಸ್ತಿಲಿನ ಒಳಗೆ ಸಾಲಾಗಿ ನಿಂತಿದ್ದೆವು. ನಾಲ್ಕು ನಲವತ್ತಾಯಿತು. ಐದಾಯಿತು. ಹಾಲಿನವನು ಬಂದುಹೋದ. ಅಜ್ಜಿ ಟ್ರಂಕಿನ ಮೇಲೆ ಕೂತು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು. ಚಿಕ್ಕಪ್ಪನ ಕಾರು ಓಣಿಗೆ ಬಂದಾಗ ಏಳು ಹದಿನೈದು.

“ಎರಡು ಗಂಟೆ ಮೂವತ್ತೈದು ನಿಮಿಷ,” ಎಂದರು ಅಪ್ಪ.

“ಏನಣ್ಣಾ, ಸ್ವಲ್ಪ ಹಿಂದೆ ಮುಂದೆ ಆಗ್ದೆ ಇರುತ್ತಾ? ದಾರೀಲಿ ಸ್ವಲ್ಪ ಒತ್ತಿದ್ರೆ ಆಯ್ತು.”

“ಬೆಂಗಳೂರಿಗೆ ತಡ, ಘಟ್ಟಕ್ಕೆ ತಡ, ಉಡುಪಿಗೆ ತಡ. ಹೊಳೆ ನಿನಗೋಸ್ಕರ ಕಾಯುತ್ತಾ?”

ಪ್ರಯಾಣ ರದ್ದು ಎಂದು ಒಳಗೆ ಹೋದರು. ಅಮ್ಮ ತಿಂಡಿಯ ಡಬ್ಬಗಳನ್ನು ಮತ್ತೆ ಅಡುಗೆಮನೆಗೆ ಸಾಗಿಸಿದಳು. ಚಿಕ್ಕಪ್ಪ ನಮ್ಮ ಮನೆಯಲ್ಲೇ ಕೂತು ಆ ಗೊಜ್ಜವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಎದುರುಮನೆಯ ಜಗಲಿಯಿಂದ ಅಲಮೇಲು ಮಾಮಿ ಅಪ್ಪನನ್ನು ತಮಿಳಿನಲ್ಲಿ ಕೇಳಿದಳು: “ಎನ್ನ ಸಾರ್, ಮೂಟೈ ಮಟ್ಟುಂ ಊರುಕ್ಕು ಕೆಳಂಬಿಡುಚ್ಚಾ?” ಗಂಟು ಮಾತ್ರ ಊರಿಗೆ ಹೊರಟಿತೇ ಎಂದು. ಓಣಿಯೆಲ್ಲ ನಕ್ಕಿತು. ಅಪ್ಪ ನಗಲಿಲ್ಲ.

ನಗದ ಇನ್ನೊಬ್ಬಳು ಅಜ್ಜಿ. ಆ ವಾರ ಅವಳು ದಿನಾ ಮಧ್ಯಾಹ್ನ ಎದುರುಮನೆಗೆ ಹೋಗಿ ಮಾಮಿಯ ಬೀರು ತೆರೆಸಿ ಗಂಟನ್ನು ಮುಟ್ಟಿ ಬರುತ್ತಿದ್ದಳು. ಮೂರು ದಿನಕ್ಕೆ ಪ್ರಸ್ಥಾನದ ಬಲ ಮುಗಿಯುತ್ತದೆಂಬ ಶಾಸ್ತ್ರ ಅವಳಿಗೆ ಗೊತ್ತು. ಆದರೂ ಮುಟ್ಟುತ್ತಿದ್ದಳು.

ಮೂರನೆಯ ಕರಡು ತಯಾರಾಯಿತು. ಅಷ್ಟರಲ್ಲಿ ಮೇ ತಿಂಗಳ ಕೊನೆ. ಸೋಮವಾರ, ದಶಮಿ, ಸಂಜೆ ನಾಲ್ಕು ನಲವತ್ತಕ್ಕೆ ತುಂಬು ನೀರು, ದಾಟುವುದು. ಮಾರನೆಯ ದಿನ ಏಕಾದಶಿ, ಅಜ್ಜಿಗೆ ಉಪವಾಸ. ದಶಮಿಯ ಸಂಜೆಯೇ ತಲುಪಿದರೆ ಅಕ್ಕನ ಪಕ್ಕ ಕೂತು ಒಂದು ತುತ್ತು ಉಣ್ಣಬಹುದೆಂದು ಅಜ್ಜಿಗೆ ಅದೊಂದು ಸಮಾಧಾನ. ನಾನು ಶುದ್ಧಪ್ರತಿಗೆ ಕೂತೆ. ಪಕ್ಕದಲ್ಲಿ ಅಜ್ಜಿ ಅಳಗುಳಿಮಣೆಯ ಹುಣಸೆಬೀಜ ಎಣಿಸುತ್ತಿದ್ದಳು. ದಶಮಿಗೆ ಎಷ್ಟು ಹೇಳು ನೋಡೋಣ ಎಂದಳು, ಆಟಕ್ಕೆ ಕರೆದಂತೆ. ನಾನು ಗಣಿತದಲ್ಲಿ ಚುರುಕು. ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ತಿಥಿಗೆ ಎರಡು ಗಳಿಗೆ ಎಂದರೆ ನಲವತ್ತೆಂಟು, ಹತ್ತು ತಿಥಿಗೆ ಸರಿಯಾಗಿ ಎಂಟು ಗಂಟೆ. ಎಲೆ ಹಾಕುವ ಹೊತ್ತು ಹನ್ನೊಂದೂವರೆ. ಸಂಜೆ ಏಳೂವರೆ.

ಅಪ್ಪನ ಕರಡಿನಲ್ಲಿ ನಾಲ್ಕು ನಲವತ್ತು. ನನ್ನ ಲೆಕ್ಕದಲ್ಲಿ ಏಳೂವರೆ. ಒಂದು ನಿಮಿಷ ಎರಡನ್ನೂ ನೋಡಿದೆ. ಅಜ್ಜಿ ಬೀಜಗಳನ್ನು ಗುಳಿಗೆ ಹಾಕುತ್ತಾ, “ದೀಪ ಹಚ್ಚಿದ ಮೇಲೆಯೇ ಅಲ್ವ? ಅಪ್ಪನಿಗೆ ಹೇಳು. ನಾನು ಹೇಳಿದರೆ ನಗ್ತಾನೆ, ನೀನು ಲೆಕ್ಕ ಮಾಡಿ ಹೇಳಿದರೆ ನೋಡ್ತಾನೆ,” ಎಂದಳು.

ನಾನು ಹೇಳಲಿಲ್ಲ. ಎರಡು ಪ್ರತಿ ಆಗಲೇ ಮುಗಿದಿತ್ತು, ಮೂರನೆಯದು ಅರ್ಧವಾಗಿತ್ತು. ಹೇಳಿದರೆ ಅಪ್ಪ ನಗಬಹುದು ಅಥವಾ ಮೂರೂ ಹಾಳೆ ಹರಿಯಬಹುದು. ಕೊಟ್ಟದ್ದನ್ನು ಕೊಟ್ಟಂತೆ ಬರೆಯಬೇಕು ಎಂಬ ಕಟ್ಟಳೆ ಇತ್ತಲ್ಲ, ಅದರ ಹಿಂದೆ ಅಡಗಿಕೊಂಡೆ. ನಾಲ್ಕು ನಲವತ್ತು ಎಂದು ದುಂಡಗೆ ಬರೆದು ಮುಗಿಸಿದೆ. ಆದರೂ ಮನಸ್ಸು ತಡೆಯದೆ ಅಪ್ಪನ ಪ್ರತಿಯನ್ನು ತಿರುಗಿಸಿ, ಅಚ್ಚಾದ ಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿಟ್ಟೆ: ಅಜ್ಜಿ 7-30. ಆ ಬದಿಯನ್ನು ನಮ್ಮ ಮನೆಯಲ್ಲಿ ಯಾರೂ ಓದುತ್ತಿರಲಿಲ್ಲ. ದೊಡ್ಡಜ್ಜಿಯ ಪ್ರತಿ ಅಂದೇ ಅಂಚೆಗೆ ಬಿತ್ತು.

ಮೂರನೆಯ ಶುಕ್ರವಾರ ಚಿಕ್ಕಪ್ಪ ನಾಲ್ಕು ಹತ್ತಕ್ಕೇ ಬಂದ. ಹಿಂದಿನ ಸಂಜೆಯಿಂದ ನಮ್ಮ ಓಣಿಯ ತುದಿಯಲ್ಲೇ ಗೆಳೆಯನ ಮನೆಯಲ್ಲಿದ್ದನೆಂದು ಆಮೇಲೆ ತಿಳಿಯಿತು. ಮಾಮಿಯ ಬೀರುವಿನಿಂದ ಗಂಟು ಇಳಿದು ಅಜ್ಜಿಯ ಮಡಿಲು ಸೇರಿತು. ನಾಲ್ಕು ನಲವತ್ತಕ್ಕೆ ಕಾರು ಹೊರಟಿತು. ಆ ಮೂರು ದಿನ ಅಪ್ಪ ನಾನು ಅವರನ್ನು ನೋಡಿದ ದಿನಗಳಲ್ಲೆಲ್ಲ ಅತ್ಯಂತ ಸುಖಿಯಾಗಿದ್ದರು. ಪ್ರತಿ ಊರಿನ ಮುಂದೆಯೂ ನಿಮಿಷ ಬರೆದುಕೊಳ್ಳುತ್ತಿದ್ದರು. ಎಲ್ಲ ಸರಿಹೋಗುತ್ತಿತ್ತು. ಉಡುಪಿಯ ರಥಬೀದಿಯಲ್ಲಿ ನನಗೆ ಗೋಲಿ ಸೋಡ ಕೂಡ ಕೊಡಿಸಿದರು, ವೇಳಾಪಟ್ಟಿಯಲ್ಲಿ ಇರದಿದ್ದದ್ದು.

ಸೋಮವಾರ ಸಂಜೆ ನಾಲ್ಕು ಇಪ್ಪತ್ತೆಂಟಕ್ಕೆ ಹೊಳೆಯ ದಡ. ಹನ್ನೆರಡು ನಿಮಿಷ ಮುಂಚೆ.

ಜಂಗಲ್ ಅಲ್ಲೇ ಇತ್ತು, ನೀರಿನಲ್ಲಲ್ಲ, ಕೆಸರಿನಲ್ಲಿ. ಒಂದು ಕಡೆಗೆ ವಾಲಿಕೊಂಡು ಮಲಗಿತ್ತು. ಹೊಳೆಯ ನಡುವೆ ಮರಳಿನ ದಿಬ್ಬ ಬೆನ್ನು ತೋರಿಸುತ್ತಿತ್ತು, ಅದರ ಮೇಲೆ ಬೆಳ್ಳಕ್ಕಿಗಳು. ಒಣಮೀನು ಮತ್ತು ಹಸಿ ಕೆಸರಿನ ವಾಸನೆ. ಗಾಳಿ ಪಡುವಣದಿಂದ ಜೋರಾಗಿ ಬೀಸುತ್ತಿತ್ತು. ಜಂಗಲಿನ ಮುಖ್ಯಸ್ಥ, ನರೆಗೂದಲಿನ ಒಬ್ಬ, ಬಲೆ ಹೊಲಿಯುತ್ತಾ ಕೂತಿದ್ದವನು, ನೀರು ತುಂಬುವುದು ದೀಪ ಹಚ್ಚಿದ ಮೇಲೆ, ಕತ್ತಲಲ್ಲಿ ಗಾಡಿ ಹತ್ತಿಸುವುದಿಲ್ಲ ಎಂದ. ಅಪ್ಪ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಅವನಿಗೆ ಓದು ಬಾರದು. ಆದರೂ ಬಗ್ಗಿ ಮರ್ಯಾದೆಯಿಂದ ನೋಡಿದ.

“ಇದು ಯಾವ ಊರಿನ ಪುಸ್ತಕ ಒಡೆಯ?”

“ಮದ್ರಾಸಿಂದು. ಹಾರ್ಬರ್‌ದು.”

“ಹಾಗಾದ್ರೆ ಅದು ಮೂಡುಗಡಲಿಂದು. ಇದು ಪಡುಗಡಲು.”

ಇಪ್ಪತ್ತು ವರ್ಷ ಬಂದರಿನ ಪಕ್ಕ ಕೂತಿದ್ದವರು ಅಪ್ಪ. ಪ್ರತಿ ಹಡಗಿನ ಪ್ರತಿ ಮೂಟೆಯ ಲೆಕ್ಕ ಇಟ್ಟವರು. ಎರಡು ಕಡಲಿಗೆ ಎರಡು ಹೊತ್ತಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಕಾಗದವನ್ನು ಕೈಯಲ್ಲಿ ಹಾಗೇ ತಿರುಗಿಸಿದರು. ಪೆನ್ಸಿಲಿನ ಅಕ್ಷರ ಕಂಡಿತು.

“ಇದು ಯಾವಾಗ ಬರೆದೆ ಪದ್ದು?”

“ಫೇರ್ ಕಾಪಿ ಮಾಡುವಾಗ.”

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಇಷ್ಟು ವರ್ಷ ಹೊರುತ್ತಿರಲಿಲ್ಲವೋ ಏನೋ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು, ಅಷ್ಟೇ.

ಆಗ ಅಮ್ಮ ಆಚೆ ದಡ ತೋರಿಸಿದಳು. ದೂರದಲ್ಲಿ, ಕಟ್ಟೆಯ ಮೇಲೆ, ಒಂದು ಕರಿ ಚುಕ್ಕೆ. ಕೊಡೆ. ಅಂಚೆಯಲ್ಲಿ ಹೋದ ನನ್ನ ದುಂಡಗಿನ ನಾಲ್ಕು ನಲವತ್ತನ್ನು ಯಾರೋ ಓದಿ ಹೇಳಿ, ದೊಡ್ಡಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಆ ಹೊತ್ತಿಗೆ ನೀರಿರುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಂಗಿಯ ಮಗ ಬರೆದಿದ್ದಾನೆಂದು ಬಂದು ಕೂತಿದ್ದಳು.

ಜಂಗಲಿನವನು ಒಂದು ಉಪಾಯ ಹೇಳಿದ. ದಿಬ್ಬದ ಪಕ್ಕದ ಕಾಲುವೆಯಲ್ಲಿ ಸಣ್ಣ ದೋಣಿ ಹೋಗುತ್ತದೆ. ಮೊಣಕಾಲು ಕೆಸರು ದಾಟಬೇಕು, ಅಜ್ಜಿಯನ್ನು ಎತ್ತಿ ಕೂರಿಸುತ್ತೇವೆ, ಕಾರು ನಾಳೆ ಬರಲಿ. ಅಜ್ಜಿ ಆಗಲೇ ಸೆರಗು ಸಿಕ್ಕಿಸಿದ್ದಳು.

“ನಾನೊಬ್ಬಳೇ ಹೋಗ್ತೇನೆ ಮಾರಾಯ. ನೀವು ನಾಳೆ ಬನ್ನಿ.”

ಅಪ್ಪ ಕೆಸರು ನೋಡಿದರು, ಗಾಳಿ ನೋಡಿದರು, ಅಲುಗುತ್ತಿದ್ದ ದೋಣಿ ನೋಡಿದರು. ಆಮೇಲೆ ಆ ಇಡೀ ಬೇಸಿಗೆಯಲ್ಲಿ ಮೊದಲ ಸಲ ತಾಯಿಯ ಲೆಕ್ಕ ಒಪ್ಪಿಕೊಂಡರು.

“ಒಂದು ರಾತ್ರಿ ಅಮ್ಮಾ. ನಾಳೆ ಬೆಳಿಗ್ಗೆ ಎಂಟಕ್ಕೆ ತುಂಬು ನೀರು, ನಿನ್ನ ಲೆಕ್ಕದಂತೇನೇ. ಎಲ್ಲರೂ ಒಟ್ಟಿಗೆ ಹೋಗೋಣ.”

ತನ್ನ ಲೆಕ್ಕವನ್ನೇ ಮುಂದಿಟ್ಟ ಮಗನಿಗೆ ಅಜ್ಜಿ ಸೋತಳು. ಸೆರಗು ಬಿಚ್ಚಿದಳು. ಗಂಟನ್ನು ಮಾತ್ರ ದೋಣಿಯವನ ಕೈಗೆ ಕೊಟ್ಟಳು. ಹೊರಗೆ ಬಿದ್ದ ಗಂಟು, ಅದಾದರೂ ತಲುಪಲಿ ಎಂದು. ಅವನು ಅದನ್ನು ತಲೆಯ ಮೇಲಿಟ್ಟುಕೊಂಡು ಕೆಸರು ದಾಟಿದ. ನಾವು ನೋಡುತ್ತಾ ನಿಂತೆವು. ದೋಣಿ ಆಚೆ ಮುಟ್ಟಿತು. ಸ್ವಲ್ಪ ಹೊತ್ತು ಕೊಡೆ ಅಲುಗಾಡಲಿಲ್ಲ. ಆಮೇಲೆ ಮೇಲೆದ್ದು, ತೆಂಗಿನ ಸಾಲಿನ ಹಿಂದೆ ಮರೆಯಾಯಿತು.

ಬೆಳಿಗ್ಗೆ ಎಂಟಕ್ಕೆ ಹೊಳೆ ಅಜ್ಜಿ ಹೇಳಿದಂತೆ ತುಂಬಿತ್ತು. ಆದರೆ ಅಷ್ಟರಲ್ಲಿ ಮಳೆ ಬಂದಿತ್ತು, ಆ ವರ್ಷ ವಾರ ಮುಂಚೆ. ಆಚೆ ದಡವೇ ಕಾಣುತ್ತಿರಲಿಲ್ಲ. ಜಂಗಲನ್ನು ಹತ್ತು ಜನ ಹಗ್ಗ ಹಾಕಿ ಮೇಲಕ್ಕೆ ಎಳೆಯುತ್ತಿದ್ದರು. ಸಣ್ಣ ದೋಣಿಯನ್ನು ಬೋರಲು ಹಾಕಿದ್ದರು. ಒಂದು ಹೋಟೆಲಿನ ಮಾಳಿಗೆ ಕೋಣೆಯಲ್ಲಿ ಎರಡು ದಿನ ಕಾದೆವು. ಗಾಳಿ ಇಳಿಯಲಿಲ್ಲ. ಚಿಕ್ಕಪ್ಪನ ರಜೆ ಮುಗಿಯಿತು. ಹಿಂದಿರುಗುವ ದಾರಿಯಲ್ಲಿ ಅಪ್ಪ ಯಾವ ಊರಿನ ಮುಂದೆಯೂ ನಿಮಿಷ ಬರೆದುಕೊಳ್ಳಲಿಲ್ಲ.

ಆಮೇಲೆ ಕೂತು ಎರಡನೆಯ ಶುಕ್ರವಾರದ ಲೆಕ್ಕವನ್ನೂ ಮಾಡಿದೆ. ಅದರ ಸೋಮವಾರ ತದಿಗೆ. ಅಪ್ಪನ ಪುಸ್ತಕದಲ್ಲಿ ತುಂಬು ನೀರು ಹನ್ನೊಂದು ಐದಕ್ಕೆ, ಅಜ್ಜಿಯ ತಿಥಿಯಲ್ಲಿ ಎರಡಕ್ಕೆ ಆರು ನಿಮಿಷ ಇರುವಾಗ. ಹಗಲು ಹೊತ್ತು, ಒಳ್ಳೆಯ ಬಿಸಿಲು. ಚಿಕ್ಕಪ್ಪ ಎರಡು ಗಂಟೆ ಮೂವತ್ತೈದು ನಿಮಿಷ ತಡವಾಗಿ ಬಂದಿದ್ದ. ಹೊಳೆಯೂ ಹೆಚ್ಚು ಕಡಿಮೆ ಅಷ್ಟೇ ತಡವಾಗಿ ತುಂಬುವುದಿತ್ತು. ಅಂದು ಹೊರಟಿದ್ದರೆ ಸುಮ್ಮನೆ ದಾಟಿಬಿಡುತ್ತಿದ್ದೆವು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಆಷಾಢದಲ್ಲಿ ಎರಡು ಕಾರ್ಡು ಬಂದವು. ಮೊದಲನೆಯದು ದೊಡ್ಡಜ್ಜಿ ಬರೆಸಿದ್ದು: ಸೀರೆ ಉಟ್ಟೆ, ಬಣ್ಣ ಗೊತ್ತಾಗಲಿಲ್ಲ, ಮೆತ್ತಗಿದೆ, ನೀನು ಆಚೆ ನಿಂತದ್ದನ್ನು ಮಕ್ಕಳು ನೋಡಿ ಹೇಳಿದರು. ಎರಡನೆಯದರ ಮೂಲೆಗೆ ಸಾವಿನ ಕರಿ ಬಳಿದಿತ್ತು. ಅಪ್ಪ ಅದನ್ನು ಓದಿ ಅಜ್ಜಿಯ ಕಾಲ ಬಳಿ ಕೂತರು, ಕುರ್ಚಿಯಲ್ಲಲ್ಲ, ನೆಲದ ಮೇಲೆ. ಅಜ್ಜಿ ಒಂದು ದಿನವೂ ‘ನಾನು ಹೇಳಿದ್ದೆ’ ಎನ್ನಲಿಲ್ಲ. ಅದರ ಬದಲು ಒಂದು ಹೊಸ ಅಭ್ಯಾಸ ಹಚ್ಚಿಕೊಂಡಳು. ಸಂಜೆ ದೀಪ ಹಚ್ಚಿ, ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಿ, ಯಾರಿಗೂ ಅಲ್ಲವೆಂಬಂತೆ ಹೇಳುತ್ತಿದ್ದಳು: “ಈಗ ನೀರು ಇಳಿತಾ ಉಂಟು.” ಅಥವಾ, “ಈಗ ತುಂಬು.” ಪುರಸೈವಾಕ್ಕಂನ ಓಣಿಯಲ್ಲಿ ಕೂತು, ಐನೂರು ಮೈಲಿ ದೂರದ ಹೊಳೆಯ ಸುದ್ದಿ. ಅಪ್ಪ ಪತ್ರಿಕೆ ಕೆಳಗಿಟ್ಟು ಗಡಿಯಾರ ನೋಡಿ ತಲೆದೂಗುತ್ತಿದ್ದರು. ಅಜ್ಜಿ ಹೋದ ಮೇಲೆ ಆ ಮಾತನ್ನು ಅಪ್ಪ ಹೇಳತೊಡಗಿದರು. ಅಪ್ಪನ ನಂತರ ನಾನು.

ಮಗನ ಪ್ರವಾಸ ಕೊನೆಗೂ ಆಯಿತು. ಹೊರಟಾಗ ಒಂಬತ್ತು ಐವತ್ತು. ಆ ಹೊಳೆಯ ಮೇಲೆ ಈಗ ಅಗಲವಾದ ಸೇತುವೆ. ದಾಟಲು ಬೇಕಾದ ಸಮಯ ಐವತ್ತು ಸೆಕೆಂಡು, ನಾನೇ ನೋಡಿದೆ. ನಿಲ್ಲಿಸು ಎಂದೆ. ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ ಎಂದ ಮಗ. ಅವನು ಸರಿಯೇ, ಫಲಕ ಹಾಕಿದ್ದರು. ಕಿಟಕಿಯಿಂದ ಕೆಳಗೆ ಒಂದು ತುಂಡು ಹಸಿರು ನೀರು ಕಂಡು ಮಾಯವಾಯಿತು. ಅಂದು ಚೌತಿ. ಗಡಿಯಾರ ನೋಡಿ, ಈಗ ತುಂಬು ನೀರಿನ ಹೊತ್ತು ಎಂದೆ. ಹಿಂದಿನ ಸೀಟಿನಿಂದ ಮೊಮ್ಮಗಳು ಫೋನಿನಿಂದ ತಲೆಯೆತ್ತದೆ, “ಎಂದ ತಣ್ಣಿ ಪಾಟ್ಟಿ?” ಎಂದಳು, ಯಾವ ನೀರು ಎಂದು. ಹೇಳುವಷ್ಟರಲ್ಲಿ ಸೇತುವೆ ಮುಗಿದಿತ್ತು.

ಮನೆಗೆ ಬಂದಿದ್ದೇನೆ. ಸಂಜೆ ಆರಕ್ಕೆ ದೀಪ ಹಚ್ಚುತ್ತೇನೆ, ತಿಥಿ ನೋಡುತ್ತೇನೆ, ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ಈಗ ತಪ್ಪಿಲ್ಲ. ಆ ಹೊತ್ತಿಗೆ ಬಂದು, ಕಟ್ಟೆಯ ಮೇಲೆ ಕೊಡೆ ಹಿಡಿದು ಕೂರುವವರು ಮಾತ್ರ ಆಚೆ ದಡದಲ್ಲಿ ಯಾರೂ ಇಲ್ಲ.